ಬೆಟ್ಟ ಎಂದರೆ ಎಷ್ಟು ಎತ್ತರ?

ಬೆಟ್ಟ ಎಂಬ ಮಾತಿಗೆ ಸಾಮಾನ್ಯವಾಗಿ ಹೇಳುವ ಅರ್ಥ ಸರಳ: ಸುತ್ತಲಿನ ನೆಲಕ್ಕಿಂತ ಎತ್ತರಕ್ಕೆ ಎದ್ದು ನಿಂತ ಭೂಭಾಗ. ಎಷ್ಟು ಎತ್ತರವಿದ್ದರೆ ಬೆಟ್ಟ, ಎಷ್ಟಕ್ಕೆ ಇಳಿದರೆ ಗುಡ್ಡ, ಎಷ್ಟಕ್ಕೆ ಏರಿದರೆ ಪರ್ವತ ಎಂಬುದಕ್ಕೆ ಮಾತ್ರ ಕನ್ನಡದಲ್ಲಿ ಅಳತೆಗೋಲಿಲ್ಲ. ನೀಲಗಿರಿಯ ಅತಿ ಎತ್ತರದ ಶಿಖರ ಸಮುದ್ರಮಟ್ಟದಿಂದ 2,637 ಮೀಟರ್ ಮೇಲಿದೆ. ಕನ್ನಡಕ್ಕೆ ತೀರ ಹತ್ತಿರವಾದ ಬಡಗ ನುಡಿಯಲ್ಲಿ ಅದರ ಹೆಸರು ದೊಡ್ಡಬೆಟ್ಟ. ಸುಮಾರು 1,060 ಮೀಟರಿನ ಚಾಮುಂಡಿಯೂ ಬೆಟ್ಟ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ಹಿಂದಿರುವ, ಹತ್ತು ನಿಮಿಷದಲ್ಲಿ ಹತ್ತಿ ಇಳಿಯಬಹುದಾದ ಮರಗಳ ಇಳಿಜಾರೂ ಬೆಟ್ಟವೇ. ಕರ್ನಾಟಕದ ಅತಿ ಎತ್ತರದ ಜಾಗವಾದ ಮುಳ್ಳಯ್ಯನಗಿರಿ 1,930 ಮೀಟರ್ ಇದ್ದೂ ಬರಿಯ ಗಿರಿ. ಅದಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ತಗ್ಗಾದ, 1,712 ಮೀಟರಿನ ಕುಮಾರಪರ್ವತ ಪರ್ವತವೆನಿಸಿಕೊಂಡಿದೆ. ಈ ಹೆಸರುಗಳು ಹುಟ್ಟಿದ್ದು ಎತ್ತರವನ್ನು ಅಳೆದವರಿಂದಲ್ಲ. ಆ ನೆಲದಲ್ಲಿ ಸೊಪ್ಪು ಕಡಿದವರು, ಹರಕೆ ಹೊತ್ತು ಹತ್ತಿದವರು, ಕೋಟೆ ಕಟ್ಟಿದವರು, ದಾಟಿ ಆಚೆಗೆ ಹೋದವರು ತಂತಮ್ಮ ವ್ಯವಹಾರಕ್ಕೆ ತಕ್ಕಂತೆ ಇಟ್ಟ ಹೆಸರುಗಳಿವು.

ಬೆಟ್ಟ ಎಂಬ ರೂಪ ಹಳಗನ್ನಡದಿಂದ ಇಂದಿನವರೆಗೆ ಹೆಚ್ಚು ಬದಲಾಗದೆ ಉಳಿದಿದೆ. ಅದರ ಅಕ್ಕಪಕ್ಕದಲ್ಲಿ ಅದನ್ನೇ ಹೋಲುವ ಬೇರೆ ಮಾತುಗಳೂ ಇವೆ. ಹಳಗನ್ನಡದಲ್ಲಿ ‘ಬೆಟ್ಟನೆ’ ಎಂದರೆ ಗಟ್ಟಿಯಾದ, ಕಠೋರವಾದ ಎಂದರ್ಥ. ಸುಡುಸುಡುವ ಕಡುಬೇಸಗೆಗೆ ‘ಬೆಟ್ಟವೇಸಗೆ’ ಎಂಬ ಹೆಸರಿತ್ತು. ‘ಬೆಟ್ಟು’ ಎಂದರೆ ಬೆರಳು ಎಂಬ ಅರ್ಥವೂ ಉಂಟು. ಅದು ಇಂದಿಗೂ ‘ಹೆಬ್ಬೆಟ್ಟು’ ಎಂಬಲ್ಲಿ, ‘ತಪ್ಪನ್ನು ಬೆಟ್ಟು ಮಾಡಿ ತೋರಿಸು’ ಎಂಬಲ್ಲಿ ಬದುಕಿದೆ. ಪರರ ತಪ್ಪನ್ನು ಬೆಟ್ಟು ಮಾಡುವುದಕ್ಕೂ ಬೆಟ್ಟದಷ್ಟು ಮಾಡುವುದಕ್ಕೂ ಸಂಬಂಧವಿಲ್ಲ, ಎರಡನ್ನೂ ಒಬ್ಬರೇ ಮಾಡುವುದುಂಟು ಅಷ್ಟೆ.

ಬೆಟ್ಟದ ಹತ್ತಿರದ ನೆಂಟ ಗುಡ್ಡ. ‘ಗುಡ್ಡಬೆಟ್ಟ’ ಎಂದು ಜೋಡಿಯಾಗಿ ಹೇಳುವಾಗ ಗುಡ್ಡ ಕಿರಿಯದು, ಬೆಟ್ಟ ಹಿರಿಯದು ಎಂಬ ಭಾವನೆ ಇದ್ದರೂ ಊರ ಹೆಸರುಗಳ ನಕ್ಷೆ ಬೇರೆಯದನ್ನೇ ಹೇಳುತ್ತದೆ. ನಂದಿಬೆಟ್ಟ, ಚಾಮುಂಡಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇವೆಲ್ಲ ದಕ್ಷಿಣದವು. ತುಂಗಭದ್ರೆಯ ಆಚೆಗೆ ಹೋದರೆ ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡ, ರಾಣೆಬೆನ್ನೂರು ತಾಲ್ಲೂಕಿನಲ್ಲಿ ಮೈಲಾರಲಿಂಗನ ದೇವರಗುಡ್ಡ, ಗದಗ ಸೀಮೆಯಲ್ಲಿ ಔಷಧ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡ. ಮೈಸೂರಿನ ಭಕ್ತರು ‘ಬೆಟ್ಟಕ್ಕೆ ಹೋಗಿ ಬಂದೆವು’ ಎಂದರೆ ಚಾಮುಂಡಿ. ಬೆಳಗಾವಿ, ಧಾರವಾಡದ ಹಳ್ಳಿಯವರು ಚಕ್ಕಡಿ ಕಟ್ಟಿಕೊಂಡು ‘ಗುಡ್ಡಕ್ಕೆ’ ಹೊರಟರೆ ಯಲ್ಲಮ್ಮ. ದೊಡ್ಡದು ಚಿಕ್ಕದರ ಭೇದಕ್ಕಿಂತ ಇದು ಸೀಮೆಯ ಭೇದ.

ಗುಡ್ಡದ ಸಂಸಾರ ದೊಡ್ಡದು. ಗುಡ್ಡೆ ಎಂದರೆ ರಾಶಿ: ಮಣ್ಣಿನ ಗುಡ್ಡೆ, ಕಲ್ಲಿನ ಗುಡ್ಡೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹಬ್ಬದ ದಿನ ಮರಿ ಕಡಿದು ಪಾಲು ಹಾಕಿದ ಮಾಂಸವೂ ಗುಡ್ಡೆಯೇ. ತೂಕಕ್ಕೆ ಬದಲು ಗುಡ್ಡೆ ಲೆಕ್ಕದಲ್ಲಿ ಅದು ಮನೆಗೆ ಹೋಗುತ್ತದೆ. ಉಬ್ಬಿ ನಿಂತಿರುವುದರಿಂದ ಕಣ್ಣಿನದೂ ಕಣ್ಣುಗುಡ್ಡೆ. ಪತ್ರಿಕೆಗಳ ಕ್ರೀಡಾಪುಟ ಕ್ರಾಸ್ ಕಂಟ್ರಿ ಓಟವನ್ನು ‘ಗುಡ್ಡಗಾಡು ಓಟ’ ಎಂದು ಕನ್ನಡಿಸಿಕೊಂಡಿದೆ. ಓಟ ಬಯಲಿನಲ್ಲೇ ನಡೆದರೂ ಹೆಸರು ಬದಲಾಗುವುದಿಲ್ಲ. ಇವುಗಳ ನಡುವೆ ಇನ್ನೊಂದು ‘ಗುಡ್ಡ’ವೂ ಇದೆ. ಜೈನ ಶಾಸನಗಳಲ್ಲಿ ಗುಡ್ಡ ಎಂದರೆ ಗೃಹಸ್ಥ ಶಿಷ್ಯ. ಕಂಸಾಳೆ ಹಿಡಿದು ಮಾದಪ್ಪನ, ಎಂದರೆ ಮಲೆ ಮಹದೇಶ್ವರನ, ಕಥೆ ಹಾಡುವ ‘ದೇವರಗುಡ್ಡ’ರ ಹೆಸರಿನಲ್ಲಿರುವುದೂ ಈ ಭಕ್ತನ ಅರ್ಥದ ಗುಡ್ಡವೇ. ರಾಣೆಬೆನ್ನೂರಿನ ದೇವರಗುಡ್ಡ ಸ್ಥಳ, ಚಾಮರಾಜನಗರದ ದೇವರಗುಡ್ಡ ಮನುಷ್ಯ.

ಮಲೆ ಎಂಬುದು ತಮಿಳಿನ ಮಲೈ, ಮಲಯಾಳದ ಮಲ ಇವುಗಳ ಒಡಹುಟ್ಟು. ಒಂಟಿ ಬೆಟ್ಟಕ್ಕಿಂತ ಬೆಟ್ಟಗಳ ಹರವನ್ನು, ಅದರ ಮೇಲೆ ಹಬ್ಬಿದ ಕಾಡನ್ನು ಸೇರಿಸಿ ಹೇಳುವುದು ಕನ್ನಡದಲ್ಲಿ ಇದರ ವಾಡಿಕೆ. ಮಲೆನಾಡು ಎಂದಾಗ ಕಣ್ಣಿಗೆ ಬರುವುದು ಯಾವುದೋ ಒಂದು ತುದಿಯಲ್ಲ, ಇಡೀ ಸೀಮೆ. ಅಲ್ಲಿನ ಪಾಳೆಯಗಾರರಿಗೆ ‘ಮಲೆಪರು’ ಎಂಬ ಹೆಸರಿತ್ತು. ಅವರನ್ನು ಹತ್ತಿಕ್ಕಿ ಬೆಳೆದ ಹೊಯ್ಸಳರು ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಧರಿಸಿ ಶಾಸನಗಳಲ್ಲಿಯೂ ಚಿನ್ನದ ನಾಣ್ಯದಲ್ಲಿಯೂ ಹಾಕಿಸಿಕೊಂಡರು. ಕರ್ನಾಟಕದ ದಕ್ಷಿಣದ ಅಂಚಿನಲ್ಲಿ ಮಲೆಗೆ ಇನ್ನೊಂದು ಲೆಕ್ಕ ಇದೆ. ಮಾದಪ್ಪನ ಭಕ್ತರ ಹಾಡಿನಲ್ಲಿ ಅವನು ಎಪ್ಪತ್ತೇಳು ಮಲೆಯ ಒಡೆಯ; ಆನೆಮಲೆ, ಜೇನುಮಲೆ, ಕಾನುಮಲೆ, ಗುಂಜುಮಲೆ ಎಂದು ಆ ಮಲೆಗಳಿಗೆ ಬಿಡಿ ಹೆಸರುಗಳಿವೆ. ಮಲೆ ಎಂದರೆ ಬೆಟ್ಟ ಎಂಬುದು ದಿನಬಳಕೆಯಿಂದ ಮಾಸಿಹೋದದ್ದರಿಂದಲೇ ಮಾದಪ್ಪ ನೆಲೆಸಿದ ಕ್ಷೇತ್ರ ‘ಮಲೆ ಮಹದೇಶ್ವರ ಬೆಟ್ಟ’ ಆಗಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಗಿರಿಯ ಪಾಡೂ ಇದೇ. ಅರ್ಥ ಮಂಕಾದ ಮಾತಿನ ಮುಂದೆ ಅದೇ ಅರ್ಥದ ಚಾಲ್ತಿಯ ಮಾತನ್ನು ಸೇರಿಸುವುದು ಊರ ಹೆಸರುಗಳ ಹಳೆಯ ಅಭ್ಯಾಸ.

ಕರಾವಳಿಯವರಿಗೆ ಮುಖ್ಯವಾದ ಮಾತು ಘಟ್ಟ. ಸಂಸ್ಕೃತದಲ್ಲಿ ಅದು ನದಿಗೆ ಇಳಿಯುವ ಮೆಟ್ಟಿಲ ಜಾಗ. ಕನ್ನಡದಲ್ಲಿ ಸಮುದ್ರದ ಬದಿಯಿಂದ ಒಳನಾಡಿಗೆ ಏರುವ ದಾರಿ ಘಟ್ಟವಾಯಿತು: ಆಗುಂಬೆ, ಹುಲಿಕಲ್, ಚಾರ್ಮಾಡಿ, ಶಿರಾಡಿ. ದಾರಿಯ ಹೆಸರು ಕ್ರಮೇಣ ದಾರಿ ಹಾದುಹೋಗುವ ಬೆಟ್ಟಸಾಲಿನದೂ ಆಯಿತು. ಇಂಗ್ಲಿಷರು ಅದನ್ನೇ ಇಡೀ ಶ್ರೇಣಿಗೆ ಅನ್ವಯಿಸಿ ಬರೆದರು, ಸಹ್ಯಾದ್ರಿ ಪಶ್ಚಿಮ ಘಟ್ಟವಾಯಿತು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಹೆಸರಿನಿಂದಲೇ. ಉಡುಪಿ, ಮಂಗಳೂರಿನ ಮನೆಗಳಲ್ಲಿ ‘ಘಟ್ಟದ ಮೇಲಿನವರು’ ಎಂದರೆ ಹಾಸನದವರಿಂದ ಬೆಂಗಳೂರಿನವರವರೆಗೆ ಯಾರೂ ಆಗಬಹುದು. ಏರುವಾಗ ಒಂದೊಂದೇ ಹಂತ ದಾಟಬೇಕಾದ್ದರಿಂದ ಘಟ್ಟಕ್ಕೆ ಹಂತ ಎಂಬ ಅರ್ಥವೂ ಹತ್ತಿಕೊಂಡಿತು. ಮಾತುಕತೆ, ಮದುವೆ, ಕಾಮಗಾರಿ ಎಲ್ಲಕ್ಕೂ ಕೊನೆಯ ಘಟ್ಟವೊಂದಿದೆ.

ದಂಡಿನವರ ಕಣ್ಣಿಗೆ ಬೆಟ್ಟ ದುರ್ಗವಾಗಿ ಕಂಡಿತು. ಹೋಗಲು ಕಷ್ಟವಾದ ಜಾಗ ಎಂಬುದು ಆ ಮಾತಿನ ಮೂಲ ಅರ್ಥ. ಚಿತ್ರದುರ್ಗ, ಸಾವನದುರ್ಗ, ಕವಲೇದುರ್ಗ, ದೇವರಾಯನದುರ್ಗ ಎಲ್ಲವೂ ಬಂಡೆಯ ಮೇಲೆ ಕೋಟೆ ಕಟ್ಟಿದವರು ಉಳಿಸಿಹೋದ ಹೆಸರುಗಳು. ಇಂದಿನ ನಂದಿಬೆಟ್ಟ ಕೋಟೆಯ ಕಾಲಕ್ಕೆ ನಂದಿದುರ್ಗ. 1791ರ ಅಕ್ಟೋಬರಿನಲ್ಲಿ ಟಿಪ್ಪುವಿನ ಪಡೆಯಿಂದ ಅದನ್ನು ಕಸಿದುಕೊಂಡ ಕಾರ್ನ್‌ವಾಲಿಸನ ಸೈನ್ಯದವರ ಬರಹಗಳಲ್ಲಿ ದುರ್ಗ ‘ಡ್ರೂಗ್’ ಆಯಿತು. ಕೋಟೆಯ ಕೆಲಸ ಮುಗಿದು, ತಂಪು ಹವೆಗೆ ಜನ ಬರತೊಡಗಿದ ಮೇಲೆ ದುರ್ಗ ಮತ್ತೆ ಬೆಟ್ಟವಾಯಿತು.

ಗಿರಿ, ಅದ್ರಿ, ಪರ್ವತ, ಶಿಖರ ಸಂಸ್ಕೃತದಿಂದ ಬಂದವು. ಪುರಾಣ, ಪೂಜೆ, ಶಾಸನಗಳೊಡನೆ ಬಂದವು. ಕೊಡಚಾದ್ರಿಯ ಶಾಸ್ತ್ರೀಯ ಹೆಸರು ಕುಟಜಾದ್ರಿ, ಕುಟಜ ಎಂದರೆ ಕನ್ನಡದ ಕೊಡಸಿಗೆ ಗಿಡ. ಒಂದೇ ಬೆಟ್ಟಕ್ಕೆ ಹಲವು ಹೆಸರು ಪದರಪದರವಾಗಿ ಕೂಡಿರುವುದನ್ನು ಶ್ರವಣಬೆಳಗೊಳದಲ್ಲಿ ಚೆನ್ನಾಗಿ ಕಾಣಬಹುದು. ಅಲ್ಲಿನ ಚಿಕ್ಕ ಬೆಟ್ಟ ಹಳೆಯ ಕನ್ನಡ ಶಾಸನಗಳಲ್ಲಿ ಕಳ್ಬಪ್ಪು, ಸಂಸ್ಕೃತದಲ್ಲಿ ಕಟವಪ್ರ. ಚಂದ್ರಗುಪ್ತ ಮೌರ್ಯ ಅಲ್ಲಿ ತಪಸ್ಸು ಮಾಡಿದನೆಂಬ ಐತಿಹ್ಯ ಅದನ್ನು ಚಂದ್ರಗಿರಿ ಮಾಡಿತು. ಎದುರಿನದು ವಿಂಧ್ಯಗಿರಿ, 981ರ ಸುಮಾರಿನಲ್ಲಿ ಚಾವುಂಡರಾಯ ನಿಲ್ಲಿಸಿದ, 58 ಅಡಿ ಎತ್ತರದ ಗೊಮ್ಮಟ ಇರುವುದು ಅದರ ಮೇಲೆ. ಊರಿನವರ ಬಾಯಲ್ಲಿ ಇವೆರಡೂ ಚಿಕ್ಕಬೆಟ್ಟ, ದೊಡ್ಡಬೆಟ್ಟ. ಪರ್ವತ, ಶಿಖರ ಎಂಬ ಮಾತುಗಳು ನಿಜವಾಗಿ ನೆಲೆಗೊಂಡದ್ದು ದೂರದ ಹಿಮಾಲಯಕ್ಕೆ. ಎವರೆಸ್ಟನ್ನು ‘ಎವರೆಸ್ಟ್ ಬೆಟ್ಟ’ ಎಂದರೆ ಕನ್ನಡದ ಕಿವಿಗೆ ಸರಿಬರುವುದಿಲ್ಲ. ಬೆಟ್ಟ ಹತ್ತುವವರು ಬರಿಯ ಭಕ್ತರು, ಹಿಮದ ತುದಿಗೆ ಹೋಗುವವರು ಪರ್ವತಾರೋಹಿಗಳು.

ಬೆಟ್ಟಕ್ಕೆ ಹೊಟ್ಟೆಪಾಡಿನ ಅರ್ಥ ಬಂದಿರುವುದು ಉತ್ತರ ಕನ್ನಡದಲ್ಲಿ. ಅಲ್ಲಿ ‘ಸೊಪ್ಪಿನ ಬೆಟ್ಟ’ ಎಂದರೆ ಅಡಿಕೆ ತೋಟದವರಿಗೆ ಸೊಪ್ಪು, ದರಕು, ಸೌದೆ ತರಲು ಬಿಟ್ಟುಕೊಟ್ಟ ಅರಣ್ಯಭೂಮಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟದ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಬಿದ್ದು, ಗೊಬ್ಬರವಾಗಿ, ಅಡಿಕೆ ಮರದ ಬುಡ ಸೇರುತ್ತದೆ. ನೆಲ ಸರ್ಕಾರದ್ದು, ಬಳಸುವ ಹಕ್ಕು ತೋಟಿಗನದು. ಆದ್ದರಿಂದ ಆ ಕಡೆ ‘ನಮ್ಮ ಬೆಟ್ಟ’ ಎಂಬ ಮಾತಿನಲ್ಲಿ ಅಭಿಮಾನಕ್ಕಿಂತ ಹಕ್ಕುದಾರಿಕೆ ಹೆಚ್ಚು. ಇನ್ನೂ ಕೆಳಗೆ, ತುಳುನಾಡಿನಲ್ಲಿ, ‘ಬೆಟ್ಟು’ ಗದ್ದೆಯ ಹೆಸರು. ನೀರು ನಿಲ್ಲುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಮೇಲಿನದು ಬೆಟ್ಟು. ಕುಂಜಿಬೆಟ್ಟು, ಮೂಡುಬೆಟ್ಟುಗಳಂಥ ಊರುಗಳಲ್ಲಿ ಬೆಟ್ಟವನ್ನು ಹುಡುಕಿದರೆ ಸಿಗುವುದು ಕೊಂಚ ಎತ್ತರದ ನೆಲ ಮಾತ್ರ.

ಜನರ ಹೆಸರಿಗೂ ಬೆಟ್ಟ ಅಂಟಿಕೊಂಡಿದೆ. ಮೈಸೂರು, ಕೊಡಗು, ಚಾಮರಾಜನಗರದ ಕಾಡಂಚಿನಲ್ಲಿ ಜೇನು ಕುರುಬರ ಜೊತೆಗೆ ಬೆಟ್ಟ ಕುರುಬರಿದ್ದಾರೆ. ಸಂವಿಧಾನದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಬೆಟ್ಟ ಕುರುಬರಿಗೆ ‘ಕಾಡು ಕುರುಬ’ ಎಂಬ ಹೆಸರು ಮಾತ್ರ ಇತ್ತು. ಊರಲ್ಲಿ ಬೆಟ್ಟ ಕುರುಬ ಎನಿಸಿಕೊಂಡವರಿಗೆ ಜಾತಿ ಪ್ರಮಾಣಪತ್ರ ಪಡೆಯುವುದು ತೊಡಕಾಗಿತ್ತು. 2022ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿ ‘ಬೆಟ್ಟ ಕುರುಬ’ವನ್ನು ‘ಕಾಡು ಕುರುಬ’ದ ಪರ್ಯಾಯ ಹೆಸರಾಗಿ ಪಟ್ಟಿಗೆ ಸೇರಿಸಿತು. ಕಾಡಿನವರು ಯಾರೋ ಬೆಟ್ಟದವರೂ ಅವರೇ ಎಂಬ ಊರ ತಿಳಿವಳಿಕೆ ಕಾನೂನಿನ ಮಾತಾಗಲು ಅಷ್ಟು ಕಾಲ ಹಿಡಿಯಿತು.

ಗಾದೆಗಳಲ್ಲಿ ಬೆಟ್ಟ ಮನುಷ್ಯನ ಅಂದಾಜನ್ನು ಕೆಣಕುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬುದು ಹತ್ತಿರ ಹೋಗಿ ಮುಳ್ಳು, ಕಲ್ಲು ತುಳಿದವರ ಮಾತು. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬುದು ದುಡಿಮೆಗೂ ಫಲಕ್ಕೂ ಇರುವ ಅಂತರದ್ದು. ಇದ್ದ ಕಡೆಗೇ ಮತ್ತೆ ಹೊರುವ ವ್ಯರ್ಥಕ್ಕೆ ಬೆಟ್ಟಕ್ಕೆ ಕಲ್ಲು ಹೊತ್ತ ಹಾಗೆ ಎನ್ನುತ್ತಾರೆ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂಬಲ್ಲಿ ಅದು ಭಯದ ಗಾತ್ರ. ಗಿಡಗಳ ಹೆಸರಿನಲ್ಲಿ ಇದೇ ಮಾತು ‘ಕಾಡಿನದು’ ಎಂಬ ಅರ್ಥ ಪಡೆಯುತ್ತದೆ: ಚ್ಯವನಪ್ರಾಶಕ್ಕೆ ಹಾಕುವ ಬೆಟ್ಟದ ನೆಲ್ಲಿ ಬೇರೆ, ಹಿತ್ತಲಲ್ಲಿ ಗೊಂಚಲುಗೊಂಚಲಾಗಿ ಬಿಡುವ ಹುಳಿ ನೆಲ್ಲಿ ಬೇರೆ.

ಸಾಹಿತ್ಯ ಈ ಭೇದಗಳನ್ನು ಅರಿತೇ ಬಳಸಿಕೊಂಡಿದೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ ಸುಬ್ರಹ್ಮಣ್ಯದ ಬಳಿಯ ಕಾಡು ಕಡಿದು ತೋಟ ಕಟ್ಟಿದ ಮುದಿ ದಂಪತಿಯ ಕಥೆ. ಅಲ್ಲಿ ಬೆಟ್ಟ ಒಂದು ಮನೆಯ ಹಿಂದೆ ನಿಂತ ನಿರ್ದಿಷ್ಟ ನೆಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಹತ್ತಾರು ಮನೆ, ಜಾತಿ, ದಾರಿಗಳನ್ನು ಹೆಣೆಯುವ ಆ ಕೃತಿಗೆ ಸೀಮೆಯನ್ನೇ ಹೇಳುವ ‘ಮಲೆ’ ಬೇಕಾಯಿತು. 1985ರ ‘ಬೆಟ್ಟದ ಹೂವು’ ಚಿತ್ರದಲ್ಲಿ ಬಾಲನಟ ಪುನೀತ್ ರಾಜ್‌ಕುಮಾರ್ ಅವರ ಪಾತ್ರ ಕಾಡಿನ ಹೂ ಮಾರಿ ಪುಸ್ತಕ ಕೊಳ್ಳಲು ಕಾಸು ಕೂಡಿಸುತ್ತದೆ. ಶೀರ್ಷಿಕೆಯ ಬೆಟ್ಟ ಇಲ್ಲಿ ಮತ್ತೆ ಕಾಡಿಗೆ, ಅದರ ಉತ್ಪನ್ನಕ್ಕೆ ಸಮೀಪವಾಗಿದೆ.

ಇತ್ತೀಚಿನ ದಶಕಗಳಲ್ಲಿ ಬೆಟ್ಟಕ್ಕೆ ಎರಡು ಹೊಸ ಮಾತುಗಳು ಸೇರಿವೆ. ಒಂದು ‘ಹಿಲ್ಸ್’. ಬಿಆರ್ ಹಿಲ್ಸ್, ಎಂಎಂ ಹಿಲ್ಸ್, ನಂದಿ ಹಿಲ್ಸ್ ಎಂಬ ಹೆಸರುಗಳು ಬಸ್ಸಿನ ಬೋರ್ಡಿನಿಂದ ಮೊಬೈಲ್ ನಕ್ಷೆಯವರೆಗೆ ಹಬ್ಬಿವೆ. ಒಂದೇ ನಂದಿಬೆಟ್ಟ ಇಂಗ್ಲಿಷಿನಲ್ಲಿ ಬಹುವಚನವಾಗಿದೆ. ಇನ್ನೊಂದು ‘ಚಾರಣ’. ಜೈನ ಕಾವ್ಯಗಳಲ್ಲಿ ಚಾರಣರೆಂದರೆ ತಪೋಬಲದಿಂದ ಆಕಾಶದಲ್ಲಿ ಸಂಚರಿಸುವ ಮುನಿಗಳು. ಆ ಹೆಸರು ಈಗ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವವರ ನಡಿಗೆಗೆ ಬಂದಿದೆ, ‘ಚಾರಣಿಗ’ ಎಂಬ ಹೊಸ ಪದವನ್ನೂ ಹುಟ್ಟಿಸಿದೆ. ಚಿಕ್ಕಬಳ್ಳಾಪುರದ ಊರವರಿಗೆ ಕಳವಾರ ಬೆಟ್ಟವಾಗಿರುವುದು ಚಾರಣಿಗರಿಗೆ ಸ್ಕಂದಗಿರಿ. ಕುಮಾರಪರ್ವತದ ದಾರಿಯಲ್ಲಿ ಜನ ಮಿತಿಮೀರಿದ ಮೇಲೆ, 2024ರಲ್ಲಿ ರಾಜ್ಯದ ಚಾರಣಪಥಗಳಿಗೆ ಆನ್‌ಲೈನ್ ಟಿಕೆಟ್ ವ್ಯವಸ್ಥೆ ಬಂತು. ಸೊಪ್ಪಿಗೆ ಎಕರೆ ಲೆಕ್ಕದಲ್ಲಿ, ದೇವರಿಗೆ ಮೆಟ್ಟಿಲ ಲೆಕ್ಕದಲ್ಲಿ ಎಣಿಕೆಯಾಗುತ್ತಿದ್ದ ಬೆಟ್ಟಕ್ಕೆ ಈಗ ದಿನಕ್ಕೆ ಇಷ್ಟು ಜನ ಎಂಬ ಲೆಕ್ಕವೂ ಸೇರಿದೆ. ಮೀಟರಿನ ಲೆಕ್ಕ ಮೊದಲಿನಂತೆ ನಕ್ಷೆ ಬರೆಯುವವರ ಪಾಲಿಗೇ ಉಳಿದಿದೆ.