ಮುತ್ಯಾನ ತಮಂಚಾ

ನನ್ನ ತವರು ಬಸವಕಲ್ಯಾಣ ತಾಲ್ಲೂಕಿನ ಮುಡಬಿ. ನಮ್ಮ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ, ಪಿಸ್ತೂಲಿಗೆ ತಮಂಚಾ ಎನ್ನುತ್ತಾರೆ. ನಿಜಾಮರ ಕಾಲದಲ್ಲಿ ಮುತ್ಯಾನಿಗೆ ಪೊಲೀಸ್ ಪಾಟೀಲಕಿ ಇತ್ತು. ಹೀಗಾಗಿ ನಮ್ಮ ಮನೆಯಲ್ಲಿ ಆರು ತೋಟಾ ಹಿಡಿಯುವ ಒಂದು ತಮಂಚಾ ಇತ್ತು. ಸರಿಯಾಗಿ ಹೇಳಬೇಕೆಂದರೆ ಅದು ರಿವಾಲ್ವರ್.

ಮಹಾನವಮಿಯ ಖಂಡೇಪೂಜೆಯ ಹಿಂದಿನ ದಿನ ಅದರ ಸ್ನಾನ. ಮುತ್ಯಾ ಚಾಪೆ ಹಾಸಿ ಕೂತು, ಮೊದಲು ತೋಟಾ ತೆಗೆದು ಒಂದೊಂದಾಗಿ ಆಯಿಯ ಅಂಗೈಯಲ್ಲಿ ಎಣಿಸಿ ಇಡುತ್ತಿದ್ದ. ಆರೂ ಬಂದ ಮೇಲೆ ಆಯಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆಮೇಲೇ ಕೆಲಸ. "ಖಾಲಿ ಅದ ಅಂತ ತಿಳ್ಕೊಂಡಿದ್ದೇ ಜೀವ ತಗೀತದ ನೋಡವ್ವಾ" ಎಂದು ಮುತ್ಯಾ ನನಗೆ ಹೇಳುತ್ತಿದ್ದ. ಹೊಲದಲ್ಲಿ ಹಂದಿ ಬೆದರಿಸಲು ಗುಂಡು ಹಾರಿಸಿದ್ದರೆ ನಳಿಗೆಯಲ್ಲಿ ಬಿಸಿನೀರು ಸುರಿಯುತ್ತಿದ್ದ. ಹಳೆಯ ತೋಟಾ ಸಿಡಿದಾಗ ಉಳಿಯುವ ಉಪ್ಪು ತೇವ ಎಳೆದು ಕಬ್ಬಿಣವನ್ನು ತಿನ್ನುತ್ತದೆ. ಎಣ್ಣೆಗೆ ಅದು ಹೋಗುವುದಿಲ್ಲ, ನೀರಿಗೇ ಕರಗಬೇಕು. ಬಳಿಕ ಹಳೇ ಧೋತರದ ಚಿಂದಿಯಿಂದ ಒರೆಸಿ, ಆಯಿಯ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಬಿಡುತ್ತಿದ್ದ. ಹಿಡಿಕೆಯ ಒಂದು ಬದಿ ಸೀಳಿದಾಗ ಬೇವಿನ ಕಟ್ಟಿಗೆ ಕೆತ್ತಿ ತಾನೇ ಕೂಡಿಸಿದ್ದ. ಅದೊಂದು ಅವನ ಖಯಾಲಿ.

"ಅಡಿಗೆ ಎಣ್ಣೆ ಯಾಕ ಹಚ್ಚಬಾರದು?" ಎಂದು ನಾನು ಒಮ್ಮೆ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದು ರಾತ್ರಿ ಆಯಿ 1948ರ ಕಥೆ ಹೇಳಿದಳು.

ಆ ವರ್ಷ ನಮ್ಮ ಭಾಗ ಕಂಡದ್ದನ್ನು ಯಾರೂ ಕಾಣಬಾರದು. ರಜಾಕಾರರ ಹಾವಳಿ ಊರೂರಿಗೂ ಮುಟ್ಟಿತ್ತು. ಮೇ ತಿಂಗಳಲ್ಲಿ ನಮ್ಮ ತಾಲ್ಲೂಕಿನ ಗೋರಟಾದಲ್ಲಿ ಅವರ ಕೈಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರೆಂದು ಹೇಳುತ್ತಾರೆ. ಆ ಸುದ್ದಿ ಕೇಳಿದ ಮೇಲೆ ಮುತ್ಯಾ ತಮಂಚಾವನ್ನು ತಲೆದಿಂಬಿನ ಕೆಳಗೇ ಇಟ್ಟು ಮಲಗತೊಡಗಿದ. ಭಾರತ ಸರ್ಕಾರ ಹೈದರಾಬಾದ್ ಸಂಸ್ಥಾನಕ್ಕೆ ಆರ್ಥಿಕ ದಿಗ್ಬಂಧನ ಹಾಕಿದ್ದರಿಂದ ಸೊಲ್ಲಾಪುರದ ಪೇಟೆಯಿಂದ ಸಾಮಾನು ಬರುವುದು ನಿಂತಿತ್ತು. ಯಂತ್ರದ ಎಣ್ಣೆ ಎಲ್ಲಿಂದ ಬರಬೇಕು? ಮಳೆಗಾಲಕ್ಕೆ ತುಕ್ಕು ಹಿಡಿದೀತೆಂದು ಆಯಿಯೇ ಒಂದು ದಿನ ಕುಸುಬಿ ಎಣ್ಣೆ ಸವರಿ ಇಟ್ಟಳು.

ಸೆಪ್ಟೆಂಬರ್ 13ಕ್ಕೆ ಪೊಲೀಸ್ ಕಾರ್ಯಾಚರಣೆ ಶುರುವಾಯಿತು, 17ಕ್ಕೆ ನಿಜಾಮರು ಸೋಲೊಪ್ಪಿದರು. ಜನ ನಿಟ್ಟುಸಿರುಬಿಟ್ಟರು. ಆದರೆ ಮುಂದಿನ ದಿನಗಳಲ್ಲಿ ಸೇಡಿನ ಗಾಳಿ ಎದ್ದಿತು. ರಜಾಕಾರರ ಪಾಪಕ್ಕೆ ಏನೂ ಅರಿಯದ ಮುಸ್ಲಿಂ ಮನೆಗಳು ಬೆಲೆ ತೆತ್ತವು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ತೀರ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರವೂ ಒಂದು. ಆ ವರದಿ ಬಹುಕಾಲ ಬೆಳಕಿಗೇ ಬರಲಿಲ್ಲ.

ಅಂಥದೊಂದು ರಾತ್ರಿ ನಮ್ಮ ದನದ ಕೊಟ್ಟಿಗೆಯಲ್ಲಿ ಸಪ್ಪಳವಾಯಿತು. ಮುತ್ಯಾ ಎರಡು ಸಲ "ಯಾರು?" ಎಂದ. ಉತ್ತರವಿಲ್ಲ. ಲೂಟಿಗೆ ಬಂದವರೆಂದು ಕತ್ತಲಿಗೆ ಗುರಿಯಿಟ್ಟು ಕುದುರೆ ಎಳೆದ. ಕುದುರೆ ಅಲುಗಲಿಲ್ಲ. ಮತ್ತೆ ಎಳೆದ. ಅಷ್ಟರಲ್ಲಿ ಒಂದು ಕೂಸು ಅತ್ತಿತು. ಆಯಿ ಕಂದೀಲು ಹಿಡಿದು ಓಡಿದಳು. ಮೇವಿನ ಹಿಂದೆ ನಮ್ಮ ಓಣಿಯ ಬಳೆಗಾರ ಹೆಂಗಸು ಎರಡು ಮಕ್ಕಳನ್ನು ಅವಚಿಕೊಂಡು ಕೂತಿದ್ದಳು. ಹೆದರಿಕೆಗೆ ಬಾಯಿಂದ ಮಾತೇ ಹೊರಟಿರಲಿಲ್ಲ.

ಎಂಟು ದಿನ ಅವರು ನಮ್ಮ ಜೋಳದ ಕೋಣೆಯಲ್ಲಿದ್ದರು. ಆಯಿ ದಿನಾಲು ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಕೇಳಿದವರಿಗೆ "ಆಳಿಗೆ" ಎನ್ನುತ್ತಿದ್ದಳು. ಮುಂದೆ ಆ ಹೆಂಗಸು ಬದುಕಿರುವವರೆಗೂ ಪ್ರತಿ ದಸರೆಗೆ ಬಂದು ಆಯಿಗೆ ಬಳೆ ಇಡಿಸಿ, ರೊಕ್ಕ ಮುಟ್ಟದೆ ಹೋಗುತ್ತಿದ್ದಳಂತೆ.

ಅಡಿಗೆಮನೆಯ ಎಣ್ಣೆ ಡಬ್ಬಿಯ ಹೊರಮೈ ದಿನ ಕಳೆದಂತೆ ಅಂಟಂಟಾಗುವುದನ್ನು ನೀವೂ ಕಂಡಿದ್ದೀರಿ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗೋಂದಿನಂತಾಗುತ್ತದೆ. ತಮಂಚಾದ ಒಳಗೂ ಆದದ್ದು ಅದೇ. ಮರುದಿನ ಮುತ್ಯಾ ಅದನ್ನು ಬಿಚ್ಚಿ ನೋಡಿ, ಆಯಿಯನ್ನು ಬೈಯಲು ಬಾಯಿ ತೆರೆದವನು ಸುಮ್ಮನಾದನಂತೆ. ಅದಕ್ಕೆ ಸೀಮೆಎಣ್ಣೆಯ ಸ್ನಾನವಾದದ್ದು ಎಷ್ಟೋ ತಿಂಗಳ ನಂತರ.

ನಾನು ಹೈಸ್ಕೂಲಿನಲ್ಲಿದ್ದಾಗ ಅದರ ಸ್ಪ್ರಿಂಗ್ ಸಡಿಲಾಯಿತು. ಮುತ್ಯಾ ಕಮ್ಮಾರನ ಹತ್ತಿರ ಒಯ್ಯಲು ಹೊರಟ, ಅಪ್ಪ ತಡೆದರು. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕು ತಯಾರಿಸುವುದಷ್ಟೇ ಅಲ್ಲ, ದುರಸ್ತಿ ಮಾಡುವುದೂ ಅಪರಾಧ. "ಹಂಗಾದ್ರ ಹಂಗೇ ಇರಲಿ ಬಿಡು" ಎಂದಳು ಆಯಿ. ಹಾಗೇ ಇತ್ತು. ಮುತ್ಯಾ ತೀರಿದ ಮೇಲೆ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದರು.

ಮಕ್ಕಳಿಗೆ ನಾನು ಹಲಗಲಿಯ ಬೇಡರ ಪಾಠ ಮಾಡುತ್ತೇನೆ. 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಬ್ರಿಟಿಷರ ಎದುರು ನಿಂತವರು ಅವರು. ಸೆಪ್ಟೆಂಬರ್ 17ರಂದು ಧ್ವಜ ಏರಿಸಿದ ಮೇಲೆ ಗೋರಟಾದ ಹೆಸರು ಹೇಳುತ್ತೇನೆ. ಅದರ ಜೊತೆಗೇ ಕೊಟ್ಟಿಗೆಯಲ್ಲಿ ಅತ್ತ ಆ ಕೂಸಿನ ಕಥೆಯನ್ನೂ ಹೇಳುತ್ತೇನೆ. ಆಯಿಯ ಹೊಲಿಗೆ ಯಂತ್ರ ಈಗ ನನ್ನ ಬಳಿ ಇದೆ. ಅದಕ್ಕೆ ಎಣ್ಣೆ ಬಿಡುವಾಗಲೆಲ್ಲ ಆಯಿ ನೆನಪಾಗುತ್ತಾಳೆ.