ತೆಂಗಿನ ನಾರಿನ ಹುಡಿ: ಸಸ್ಯಾಧಾರವಾಗಿ ಅದರ ಗುಣದೋಷ ವಿಚಾರ

ತಿಪಟೂರು, ಅರಸೀಕೆರೆಗಳ ಸೀಮೆಯಲ್ಲಿ ಸಂಚರಿಸಿದವರಿಗೆ, ನಾರಿನ ಕಾರ್ಖಾನೆಗಳ ಹಿತ್ತಿಲಲ್ಲಿ ಕಂದುಬಣ್ಣದ ದಿಬ್ಬಗಳಂತೆ ಬಿದ್ದಿರುವ ಹುಡಿಯ ರಾಶಿಗಳು ಅಪರಿಚಿತವಲ್ಲ. ಕಾಯಿಮಟ್ಟೆಯನ್ನು ನೆನೆಸಿ, ಬಡಿದು, ಹಗ್ಗಕ್ಕೂ ಚಾಪೆಗೂ ಒದಗುವ ಎಳೆಗಳನ್ನು ಬಿಡಿಸಿಕೊಂಡ ತರುವಾಯ, ಆ ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿದ್ದ ಮೆದುವಾದ ಅಂಗಾಂಶವು ಹುಡಿಯಾಗಿ ಉದುರುವುದು. ತೂಕದಲ್ಲಿ ಅದು ದೊರೆತ ನಾರಿಗಿಂತ ಸುಮಾರು ಎರಡರಷ್ಟಾಗುವುದರಿಂದ, ನಾರಿನ ಉದ್ಯಮವೆಂಬುದು ವಸ್ತುತಃ ಹುಡಿಯ ಉದ್ಯಮವೇ ಎಂದರೂ ಅತಿಶಯೋಕ್ತಿಯಾಗಲಾರದು. ಬಹುಕಾಲ ಕೇವಲ ತ್ಯಾಜ್ಯವೆನಿಸಿ, ಮಳೆಗಾಲದಲ್ಲಿ ತನ್ನ ಒಗರಿನ ಕೆಂಗಂದು ನೀರನ್ನು ಸುತ್ತಣ ಹೊಲಗಳಿಗೆ ಇಳಿಬಿಡುತ್ತಿದ್ದ ಈ ವಸ್ತುವು ಇಂದು ಇಟ್ಟಿಗೆಯಾಗಿ ಒತ್ತಲ್ಪಟ್ಟು, ‘ಕೊಕೊಪೀಟ್’ ಎಂಬ ಹೊಸ ಹೆಸರನ್ನು ತಳೆದು, ಹಡಗನ್ನೇರಿ ಹೊರದೇಶಗಳಿಗೆ ಹೋಗುತ್ತಿದೆ. ಪೇಟೆಯಲ್ಲಿ ಇದನ್ನು ಗೊಬ್ಬರವೆಂದು ಮಾರುವವರೂ, ಗೊಬ್ಬರವೆಂದೇ ಕೊಳ್ಳುವವರೂ ಇದ್ದಾರೆ. ಇದರ ಬಳಕೆಯಲ್ಲಿ ಕಂಡುಬರುವ ಬಹುಪಾಲು ವೈಫಲ್ಯಗಳಿಗೆ ಆ ಒಂದು ಹೆಸರೇ ಮೂಲವೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಬೇರಿಗೆ ನೆಲೆಯಾಗತಕ್ಕ ಯಾವ ವಸ್ತುವಿನಿಂದಲೇ ಆಗಲಿ ಸಸ್ಯವು ಬಯಸುವುದು ಊರುಗೋಲನ್ನು, ನೀರನ್ನು, ಉಸಿರನ್ನು. ಕುಂಡದಲ್ಲಿ ತುಂಬಿದ ಕೆಮ್ಮಣ್ಣು ನೀರುಂಡು ಬಿಗಿದುಕೊಂಡಾಗ ಗಾಳಿಗೆ ಎಡೆಯಿರದು. ಮರಳಾದರೋ ಗಾಳಿಯನ್ನಿತ್ತು ನೀರನ್ನು ಸೋರಿಬಿಡುವುದು. ನಾರಿನ ಹುಡಿಯ ವೈಶಿಷ್ಟ್ಯವಿರುವುದು ಈ ವೈರುಧ್ಯವನ್ನು ಅದು ಪರಿಹರಿಸುವ ರೀತಿಯಲ್ಲಿ. ಅದರ ಗಾತ್ರದ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕು ಬರಿಯ ರಂಧ್ರಗಳೇ ಆಗಿರುವುದರಿಂದ, ತನ್ನ ತೂಕದ ೫ರಿಂದ ೮ರಷ್ಟು ನೀರನ್ನು ಹೀರಿಯೂ ಬೇರು ಉಸಿರಾಡುವಷ್ಟು ಗಾಳಿಯನ್ನು ಅದು ಉಳಿಸಿಕೊಳ್ಳಬಲ್ಲದು; ಲಿಗ್ನಿನ್ ಅಂಶವು ಸುಮಾರು ಶೇ. ೩೦ರಷ್ಟಿರುವುದರಿಂದ ಬೇಗನೆ ಕೊಳೆತು ಕುಸಿಯದು. ಆದರೆ ಇದೇ ಗುಣಕ್ಕೆ ಒಂದು ಮರುಮುಖವುಂಟು. ಹಸಿ ಹುಡಿಯಲ್ಲಿ ಇಂಗಾಲ ಮತ್ತು ಸಾರಜನಕಗಳ ಪ್ರಮಾಣವು ೧೧೨ಕ್ಕೆ ೧ರ ಆಸುಪಾಸಿನಲ್ಲಿರುವುದರಿಂದ, ಅದನ್ನು ಕೊಳೆಸಲು ತೊಡಗುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಸಸಿಯ ಬಾಯಿಂದಲೇ ಕಸಿದುಕೊಳ್ಳುವುವು, ಎಲೆಗಳು ಹಳದಿಗಟ್ಟುವುವು. ಹುಡಿಯು ಉಣಬಡಿಸುವ ತಟ್ಟೆಯೇ ಹೊರತು ಊಟವಲ್ಲ.

ಇಂಗ್ಲೆಂಡಿನ ತೋಟಗಾರರು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಇದನ್ನು ಕುಂಡಗಳಲ್ಲಿ ಪ್ರಯೋಗಿಸಿ, ಮುಂದೆ ಮರೆತರು. ವರ್ಷಕ್ಕೆ ಸುಮಾರು ೧ ಮಿಲಿಮೀಟರಿನಷ್ಟೇ ಬೆಳೆಯುವ ಜೌಗುನೆಲದ ಪೀಟ್ ಅನ್ನು ಅಗೆದು ಬರಿದುಮಾಡುತ್ತಿದ್ದೇವೆಂಬ ಅಳುಕು ಯುರೋಪಿನಲ್ಲಿ ಹುಟ್ಟಿದ ಮೇಲೆ ಮತ್ತೆ ನೆನೆದರು. ಆ ಕಥೆ ಅಷ್ಟಕ್ಕೇ ಇರಲಿ. ನಮ್ಮ ಕಡೆಯ ತೆಂಗಿನ ತೋಟಗಳಲ್ಲಿ, ಮರಗಳ ಸಾಲುಗಳ ನಡುವೆ ಬುಡದಿಂದ ಸುಮಾರು ೩ ಮೀಟರು ದೂರಕ್ಕೆ ಕಂದಕ ತೋಡಿ, ಕಾಯಿಮಟ್ಟೆಗಳನ್ನು ಒಳಮೈ ಮೇಲಾಗುವಂತೆ ಪದರಪದರವಾಗಿ ಹೊಂದಿಸಿ ಮಣ್ಣು ಮುಚ್ಚುವ ಕ್ರಮವೊಂದುಂಟು. ಬೋಗುಣಿಯಂತೆ ಅಂಗಾತ ಮಲಗಿದ ಆ ಮಟ್ಟೆಗಳು ಮುಂಗಾರಿನ ನೀರನ್ನು ತಡೆದು ಹಿಡಿದು ಬೇಸಗೆಯಲ್ಲಿ ಬೇರಿಗೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ; ಒಮ್ಮೆ ಹೂಳಿದುದರ ಫಲವು ೫ರಿಂದ ೭ ವರ್ಷಗಳವರೆಗೆ ನಿಲ್ಲುವುದೆಂದು ತೆಂಗಿನ ತಜ್ಞರೂ ಒಪ್ಪುತ್ತಾರೆ. ಮಟ್ಟೆಯ ಸತ್ತ್ವವಿರುವುದು ನೀರನ್ನು ಕಾಯ್ದಿರಿಸುವ ರಚನೆಯಲ್ಲಿ ಎಂಬ ಅರಿವು ಈ ಪದ್ಧತಿಯಲ್ಲಿಯೇ ಅಡಕವಾಗಿದೆ.

ಇನ್ನು ಉಪ್ಪಿನ ವಿಷಯ. ಇದನ್ನು ಕೊಂಚ ವಿಸ್ತರಿಸಿ ಹೇಳಬೇಕು. ಕೇರಳದ ಹಿನ್ನೀರಿನಲ್ಲಿ ನೆನೆಹಾಕಿದ ಮಟ್ಟೆಯ ಹುಡಿಯಲ್ಲಿ ಸಮುದ್ರದ ಉಪ್ಪು ಸೇರಿರುವುದು ಸಹಜವೇ. ಆದರೆ ಒಳನಾಡಿನ ಹುಡಿಯು ನಿರ್ದೋಷವೆಂಬ ಭಾವನೆಯು ಸರಿಯಲ್ಲ, ಏಕೆಂದರೆ ತೆಂಗು ತನ್ನ ಮಟ್ಟೆಯಲ್ಲಿ ಪೊಟ್ಯಾಸಿಯಂ ಮತ್ತು ಕ್ಲೋರೈಡುಗಳನ್ನು ತಾನಾಗಿಯೇ ಸಂಗ್ರಹಿಸುವ ಜಾತಿಯ ಮರ. ತೊಳೆಯದ ಇಟ್ಟಿಗೆಯೊಂದನ್ನು ನೆನೆಸಿ ಮೆಣಸಿನ ಬೀಜ ಬಿತ್ತಿ, ಮೊಳೆತ ಸಸಿಗಳ ಎಲೆಯಂಚು ಸುಟ್ಟಂತಾದುದನ್ನು ಕಂಡು ಬಿಸಿಲನ್ನು ದೂರಿದವರಲ್ಲಿ ಈ ಲೇಖಕನೂ ಒಬ್ಬ. ನೀರಿನಲ್ಲಿ ಹಲವು ಸಲ ತೊಳೆದರೆ ಬಿಡಿಯಾದ ಉಪ್ಪು ಹೋಗುವುದು, ನಿಜ. ಆದರೆ ಹುಡಿಯ ಕಣಗಳ ಮೈಗೆ ವಿದ್ಯುದಾಕರ್ಷಣೆಯಿಂದ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂಗಳು ಬರಿಯ ನೀರಿಗೆ ಜಗ್ಗುವುದಿಲ್ಲ. ಅವನ್ನು ಎಬ್ಬಿಸಿ ಆ ಸ್ಥಾನದಲ್ಲಿ ಕ್ಯಾಲ್ಸಿಯಂ ಅನ್ನು ಕೂರಿಸಬೇಕಾದರೆ ಕ್ಯಾಲ್ಸಿಯಂ ನೈಟ್ರೇಟಿನ ದ್ರಾವಣದಲ್ಲಿ ನೆನೆಯಿಟ್ಟು, ಮರಳಿ ತೊಳೆಯಬೇಕು. ಹೀಗೆ ಮಾಡದ ಪಕ್ಷದಲ್ಲಿ, ಬೆಳೆಗೆಂದು ಕೊಟ್ಟ ಕ್ಯಾಲ್ಸಿಯಂ ಅನ್ನು ಹುಡಿಯೇ ನುಂಗಿ, ಟೊಮ್ಯಾಟೊ ಹಣ್ಣಿನ ತುದಿ ಕಪ್ಪಾಗಿ ಕೊಳೆಯುವುದುಂಟು.

ಹುಡಿಯನ್ನೇ ಗೊಬ್ಬರವನ್ನಾಗಿ ಮಾರ್ಪಡಿಸುವ ಮಾರ್ಗವೂ ಇಲ್ಲದಿಲ್ಲ. ಒಂದು ಟನ್ ಹುಡಿಗೆ ೫ ಕಿಲೋ ಯೂರಿಯ ಮತ್ತು ಪ್ಲುರೋಟಸ್ ಎಂಬ ಅಣಬೆಯ ಬೀಜವನ್ನು ಪದರಗಳಲ್ಲಿ ಹಾಕಿ ತೇವವಾಗಿರಿಸಿದರೆ, ಲಿಗ್ನಿನ್ ಕರಗಿ, ಇಂಗಾಲ-ಸಾರಜನಕಗಳ ಪ್ರಮಾಣವು ೨೪ಕ್ಕೆ ೧ರ ಸಮೀಪಕ್ಕೆ ಇಳಿಯುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ’ ಕೊಕೊಪೀಟನ್ನು ಸಸಿ ಬೆಳೆಸುವವರಿಗಾಗಿಯೇ ರೂಪಿಸಿದೆ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ನೆಲದ ಮೇಲಿನ ಸಸಿಮಡಿಗಳು ವಿರಳವಾಗಿ, ೯೮ ಗುಳಿಗಳ ಪ್ರೋಟ್ರೇಗಳಲ್ಲಿ ಟೊಮ್ಯಾಟೊ, ಕೋಸುಗಳ ಸಸಿಗಳನ್ನು ಬೆಳೆಸಿ ಮಾರುವ ನರ್ಸರಿಗಳು ತಲೆಯೆತ್ತಿರುವುದಕ್ಕೆ ಈ ಹುಡಿಯೇ ಆಧಾರ. ಬೇರು ಹರಿಯದೆ, ಹಿಡಿದಷ್ಟೂ ಉಂಡೆಯಾಗಿ ಕಿತ್ತುಬರುವ ಸಸಿಯು ನಾಟಿಯಾದ ಮೇಲೆ ಬಾಡುವುದು ಕಡಮೆ.

ಇಷ್ಟೆಲ್ಲ ಗುಣಗಳನ್ನು ಒಪ್ಪಿದ ಮೇಲೂ ಒಂದು ಆಕ್ಷೇಪವು ಉಳಿಯುವುದು. ತೆಂಗಿನ ಮರವೊಂದಕ್ಕೆ ವರ್ಷಕ್ಕೆ ೫೦೦ ಗ್ರಾಂ ಸಾರಜನಕವನ್ನು ವಿಧಿಸುವ ಶಾಸ್ತ್ರವು ಪೊಟ್ಯಾಷನ್ನು ೧೨೦೦ ಗ್ರಾಂ ಎಂದು ವಿಧಿಸುತ್ತದೆ. ಮರವು ಹೀಗೆ ಹೀರಿದ ಪೊಟ್ಯಾಷಿನ ದೊಡ್ಡ ಪಾಲು ಮಟ್ಟೆಯಲ್ಲಿ ಕೂಡಿ, ಮಟ್ಟೆಯೊಡನೆ ತೋಟದಿಂದ ಕಾರ್ಖಾನೆಗೆ ನಡೆದು, ಅಲ್ಲಿ ತೊಳೆದ ನೀರಿನೊಡನೆ ಚರಂಡಿ ಸೇರುವುದು. ಸಸಿಗೆ ವಿಷಪ್ರಾಯವಾದ ಆ ಉಪ್ಪು ತಾಯಿಮರಕ್ಕೆ ಆಹಾರ. ಆದಕಾರಣ ಕೃಷಿ ವಿಶ್ವವಿದ್ಯಾನಿಲಯಗಳ ಸಂಶೋಧಕರಲ್ಲಿ ನನ್ನದೊಂದು ಪ್ರಾರ್ಥನೆ: ಮಳೆ ಕಡಮೆಯಾದ ತುಮಕೂರು, ಹಾಸನಗಳ ತೆಂಗಿನ ಸೀಮೆಯಲ್ಲಿ, ಹುಡಿಯನ್ನು ತೊಳೆದ ನೀರಿನ ಒಗರನ್ನು ತಗ್ಗಿಸಿ ಅದನ್ನು ತೆಂಗಿನ ಬುಡಕ್ಕೇ ಹಾಯಿಸುವ ಪ್ರಯೋಗವನ್ನು ನಾಲ್ಕಾರು ವರ್ಷ ಎಡೆಬಿಡದೆ ನಡೆಯಿಸಿ, ಇಳುವರಿಯನ್ನೂ ಮಣ್ಣಿನ ಸ್ಥಿತಿಯನ್ನೂ ಅಳೆದು ಪ್ರಕಟಿಸಬೇಕು.