ಹಕ್ಕಿ ಹಬ್ಬವೂ ಬೆಳ್ಳೂರಿನ ಹುಳಿಮರಂಗಳೂ

ಹಬ್ಬ ಹೇಳಿರೆ ಉಂಬವಕ್ಕೆ ಒಂದು ದಿನ, ಅಡಿಗೆ ಕೋಣೆಲಿ ಇಪ್ಪವಕ್ಕೆ ಎಂಟು ದಿನ. ಇದು ನಮ್ಮ ಮನೆಗಳಲ್ಲಿ ಎಲ್ಲೋರಿಂಗೂ ಗೊಂತಿಪ್ಪ ವಿಷಯ. ಹೋಳಿಗೆ ತಿಂದಿಕ್ಕಿ "ಲಾಯ್ಕಾಯಿದು" ಹೇಳುವವು, ಕಡಲೆಬೇಳೆ ಬೇಶಿದ್ದಾರು, ಕಡದ್ದಾರು ಹೇಳಿ ಕೇಳ್ತವಿಲ್ಲೆ. ಈಗೀಗ ಅಲ್ಲಲ್ಲಿ ಅಪ್ಪ ಹಕ್ಕಿ ಹಬ್ಬಂಗಳ ನೋಡುವಗ ಎನಗೆ ನೆಂಪಪ್ಪದು ಇದುವೇ.

ಹಕ್ಕಿ ಹಬ್ಬ ಹೇಳುದು ನವಗೆ ಹೊಸತ್ತು. ಆಂಧ್ರದ ಸೂಳ್ಳೂರುಪೇಟೆಲಿ, ಪುಲಿಕಾಟ್ ಸರೋವರಕ್ಕೆ ಬಪ್ಪ ಫ್ಲೆಮಿಂಗೊ ಹಕ್ಕಿಗಳ ಹೆಸರಿಲಿ 2001ರಲ್ಲಿ ಹಬ್ಬ ಸುರುವಾತು. ನಮ್ಮ ರಾಜ್ಯಲ್ಲಿ ಸುಮಾರು ಹತ್ತು ವರ್ಷಂದ ಈಚೆಗೆ ಅರಣ್ಯ ಇಲಾಖೆಯವು ರಂಗನತಿಟ್ಟು, ದಾಂಡೇಲಿ, ಹಂಪೆ, ಮಂಗ್ಳೂರು ಹೀಂಗೆ ಒಂದೊಂದು ಸರ್ತಿ ಒಂದೊಂದು ಊರಿಲಿ ಮಾಡಿಗೊಂಡು ಬಯಿಂದವು. ಉದಿಯಪ್ಪಗ ಬೇಗ ಎದ್ದು ದುರ್ಬೀನು ಹಿಡ್ಕೊಂಡು ನಡವದು, ಕಂಡ ಹಕ್ಕಿಗಳ ಪಟ್ಟಿ ಮಾಡುದು, ಮಕ್ಕೊಗೆ ಚಿತ್ರ ಬಿಡುಸುದು, ಗೊಂತಿಪ್ಪವರ ಮಾತು ಕೇಳುದು, ಫೋಟೋ ನೋಡುದು. ಆನುದೆ ಮಕ್ಕಳ ಕರಕ್ಕೊಂಡು ಹೋಯಿದೆ. ನಮ್ಮ ರಾಜ್ಯದ ಹಕ್ಕಿ ನೀಲಕಂಠವ ಎನ್ನ ಮಗಳು ಸುರೂ ಕಂಡದು ಹಾಂಗಿಪ್ಪ ಒಂದು ಹಬ್ಬಲ್ಲಿಯೇ. ಹಾಂಗಾಗಿ ಹಬ್ಬದ ಮೇಲೆ ಎನಗೆ ಅಸಮಾಧಾನ ಏನೂ ಇಲ್ಲೆ. ಆದರೆ ಹಕ್ಕಿ ಹಬ್ಬಕ್ಕೆ ಹಕ್ಕಿ ಬೇಕನ್ನೆ? ಆ ಹಕ್ಕಿಗೊ ಇಷ್ಟು ವರ್ಷ ಒಳುದ್ದು ಹೇಂಗೆ, ಅಡಿಗೆ ಕೋಣೆಲಿ ಇದ್ದದಾರು ಹೇಳುವ ಕತೆ ವೇದಿಕೆಲಿ ಕೇಳುದು ಕಮ್ಮಿ. ಅದರ ಇಲ್ಲಿ ಹೇಳುವೊ° ಹೇಳಿ ಕಂಡತ್ತು.

ಸುರುವಿಂಗೆ ತಮಿಳುನಾಡಿನ ವೇಡಂತಾಂಗಲ್. ಚೆನ್ನೈಂದ ತೆಂಕಕ್ಕೆ, ಚೆಂಗಲ್ಪಟ್ಟು ಹೊಡೆಲಿ ಇಪ್ಪ ಹಳ್ಳಿ. ಹೆಸರಿನ ಅರ್ಥ ಬೇಡರ ಬಿಡಾರ ಹೇಳಿ, ಆದರೆ ಊರಿನವು ಬೇಟೆಗೆ ಅಡ್ಡ ನಿಂದವು! ಅಲ್ಲಿಯಾಣ ಕೆರೆಯೊಳ ಇಪ್ಪ ಮರಂಗಳಲ್ಲಿ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ ಎಲ್ಲ ಸಾವಿರಗಟ್ಲೆ ಗೂಡು ಕಟ್ಟುತ್ತು. ಹಿಕ್ಕೆ ನೀರಿಂಗೆ ಬೀಳುತ್ತು, ಆ ನೀರು ಗದ್ದೆಗೆ ಹೋವುತ್ತು. ಒಂದು ಪೈಸೆ ಕರ್ಚಿಲ್ಲದ್ದೆ ಗೊಬ್ಬರ ಹಾಕಿದ ನೀರು. ಬ್ರಿಟಿಷ್ ಸಿಪಾಯಿಗೊ ಬಂದು ಹಕ್ಕಿಗೊಕ್ಕೆ ಗುಂಡು ಹೊಡವಲೆ ಸುರು ಮಾಡಿಯಪ್ಪಗ ರೈತರು ಸೀದಾ ಕಲೆಕ್ಟರನ ಹತ್ರೆ ದೂರು ತೆಕ್ಕೊಂಡು ಹೋದವು. 1798ರಲ್ಲಿ ಲಯೊನೆಲ್ ಪ್ಲೇಸ್ ಹೇಳ್ತ ಕಲೆಕ್ಟರ್, ಈ ಹಕ್ಕಿಗಳ ಮುಟ್ಲಾಗ ಹೇಳಿ ಕೌಲು ಬರದು ಕೊಟ್ಟ°. 1858ರಲ್ಲಿ ಅದರ ಪುನಃ ಬರೆಶಿ ತೆಕ್ಕೊಂಡವು. ಸರಕಾರ ಅದರ ಪಕ್ಷಿಧಾಮ ಹೇಳಿ ಒಪ್ಪಿದ್ದು 1936ರಲ್ಲಿ. ಅಷ್ಟಪ್ಪಗ ಊರಿನವು ಹಕ್ಕಿ ಕಾದು ನೂರಾ ಮೂವತ್ತು ವರ್ಷದ ಮೇಲೆ ಆಗಿತ್ತು.

ನಮ್ಮ ರಂಗನತಿಟ್ಟಿನ ಕತೆ ಬೇರೆ. ಶ್ರೀರಂಗಪಟ್ಟಣದ ಹತ್ರೆ 17ನೇ ಶತಮಾನಲ್ಲಿ ಕಾವೇರಿಗೆ ಕಟ್ಟ ಕಟ್ಟಿಯಪ್ಪಗ ಹೊಳೆ ನೆಡೂಕೆ ಆದ ತಿಟ್ಟುಗೊ ಅವು. ಸಲೀಂ ಅಲಿಯವು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡ್ಲೆ ಬಂದಿಪ್ಪಗ ಅದರ ನೋಡಿ, ಇದರ ಕಾಪಾಡೆಕ್ಕು ಹೇಳಿ ಮಹಾರಾಜರ ಒಪ್ಪುಸಿದವು. 1940ರಲ್ಲಿ ಪಕ್ಷಿಧಾಮ ಆತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತ್ತು. ಅಲ್ಲಿ ಹಕ್ಕಿಗೂ ಜೆನಕ್ಕೂ ನೆಡೂಕೆ ಹೊಳೆ ಇದ್ದು, ಹೊಳೆಲಿ ಮೊಸಳೆ ಇದ್ದು. ಗೂಡು ಇಪ್ಪದು ಆರ ಹಿತ್ತಿಲಿನ ಮರಲ್ಲಿಯೂ ಅಲ್ಲ. ದೊಡ್ಡವು ಒಂದು ಆಜ್ಞೆ ಹೊರಡುಸಿದ್ದು ಸಾಕಾತು.

ಕೊಕ್ಕರೆ ಬೆಳ್ಳೂರಿಲಿ ಆಜ್ಞೆ ಮಾಂತ್ರ ಸಾಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿಲಿ, ಬೆಂಗಳೂರು-ಮೈಸೂರು ಮಾರ್ಗಂದ ಸುಮಾರು 12 ಕಿಲೋಮೀಟರು ಒಳ, ಶಿಂಷಾ ಹೊಳೆಯ ಹತ್ತರಾಣ ಊರು ಅದು. ಅಲ್ಲಿ ಬೇಲಿ ಹಾಕಿದ ಕಾಡಿಲ್ಲೆ, ಹೋಗಿ ನೋಡ್ಲೆ ದೋಣಿಯೂ ಬೇಡ. ಮನೆ ಎದುರಾಣ ಹುಣಸೆ ಮರಲ್ಲಿ, ದಾರಿ ಕರೆಯಾಣ ಅರಳಿ ಮರಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಗೂಡು ಕಟ್ಟುತ್ತು. ಹೆಜ್ಜಾರ್ಲೆ ಹೇಳಿರೆ ಕೊಕ್ಕಿನ ಅಡಿಲಿ ಚೀಲ ನೇಲುವ ದೊಡ್ಡ ಹಕ್ಕಿ. ನವರಾತ್ರಿ ಕಳುದ ಮೇಲೆ ಒಂದೊಂದೇ ಬಪ್ಪಲೆ ಸುರುವಾವುತ್ತು. ಎರಡೋ ಮೂರೋ ಮೊಟ್ಟೆ ಮಡುಗಿ, ಮರಿಗಳ ದೊಡ್ಡ ಮಾಡಿ, ಮಳೆ ಹಿಡಿವಂದ ಮದಲೇ ಹೆರಡುತ್ತು. ಊರಿನವು ಈ ಹಕ್ಕಿಗಳ ಬಾಳಂತನಕ್ಕೆ ಅಪ್ಪನ ಮನೆಗೆ ಬಂದ ಮಗಳು ಹೇಳಿಯೇ ಲೆಕ್ಕ ಹಾಕುದು. 1916ರಲ್ಲಿ ಪ್ಲೇಗು ಬಂದು, ಹೊಳೆ ಕರೆಲಿ ಇದ್ದ ಊರು ಈಗಾಣ ಜಾಗೆಗೆ ಎದ್ದು ಬಪ್ಪಗ ಹಕ್ಕಿಗಳೂ ಒಟ್ಟಿಂಗೆ ಬಂತಡ ಹೇಳುವ ಮಾತೂ ಇದ್ದು.

ಮಗಳು ಹೇಳುದು ಸುಲಾಬ. ಬಾಳಂತನ ಮಾಡಿದ ಅಬ್ಬೆಕ್ಕೊಗೆ ಗೊಂತಿಕ್ಕು ಅದರ ಕಷ್ಟ. ಜಾಲಿಲಿ ಹಿಕ್ಕೆ, ಹಂಚಿನ ಮೇಲೆ ಹಿಕ್ಕೆ, ಒಣಗುಲೆ ಹಾಕಿದ ವಸ್ತ್ರದ ಮೇಲೆಯೂ ಹಿಕ್ಕೆ. ಮೇಗಂದ ಅರ್ಧ ನುಂಗಿದ ಮೀನು ಬೀಳುತ್ತು, ಅದರ ನಾತ ಬೇರೆ. ಇದೆಲ್ಲದರಿಂದ ದೊಡ್ಡದು ಹುಳಿಯ ಲೆಕ್ಕ. ಹುಳಿ ಬೆಳದು ಕೊಯ್ವಲಪ್ಪದು ಜನವರಿಂದ ಏಪ್ರಿಲ್ ವರೆಗೆ. ಗೂಡಿಲಿ ಮರಿಗೊ ಇಪ್ಪದುದೆ ಅದೇ ಸಮಯಲ್ಲಿ! ಕೋಲು ತೆಕ್ಕೊಂಡು ಗೆಲ್ಲಿಂಗೆ ಬಡುದರೆ ಗೂಡು ಮಗುಚಿ ಬೀಳುತ್ತು. ಹಾಂಗಾಗಿ ಗೂಡಿಪ್ಪ ಮರಕ್ಕೆ ಕೋಲು ಹಾಕಲಿಲ್ಲೆ. ನಾವು ಸಾರಿಂಗೆ ಹಾಕುವ ನಿಂಬೆಗಾತ್ರದ ಹುಳಿ ನವಗೆ ಲೆಕ್ಕಕ್ಕಿಲ್ಲೆ. ಹಿತ್ತಿಲಿಲಿ ಎರಡು ಮರ ಇಪ್ಪ ಸಣ್ಣ ರೈತಂಗೆ ಅದು ಮಾರಿ ಪೈಸೆ ಕಾಂಬ ಬೆಳೆ. ಬದಲಿಂಗೆ ಸಿಕ್ಕಿದ್ದು ಗೊಬ್ಬರ. ಮರದ ಬುಡಲ್ಲಿ ಹೊಂಡ ತೆಗದು, ಬಿದ್ದ ಹಿಕ್ಕೆಯ ಮಣ್ಣಿನ ಒಟ್ಟಿಂಗೆ ಸೇರುಸಿ ಗದ್ದೆಗೆ ಹಾಕುಗು.

ಇದರ ನಮ್ಮ ತೋಟಕ್ಕೆ ಹೋಲುಸಿ ನೋಡಿ. ಮಂಗ ಬಂದು ನಾಲ್ಕು ಸೀಯಾಳ ಇಡ್ಕಿರೆ ನಾವು ಗರ್ನಾಲು ಹೊಟ್ಟುಸುತ್ತು. ತಪ್ಪು ಹೇಳ್ತಿಲ್ಲೆ, ಬೆಳೆ ಬೆಳೆಶಿದವಂಗೆ ಬೇನೆ ಇರ್ತು. ಹಾಂಗಿಪ್ಪಗ ಒಂದು ಊರಿಂಗೆ ಊರೇ ತಲೆಮಾರಿಂದ ತಲೆಮಾರಿಂಗೆ ಮರವ ಹಕ್ಕಿಗೆ ಬಿಟ್ಟು ಕೂದ್ದು ಸಣ್ಣ ಸಂಗತಿ ಅಲ್ಲ.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವು ಈ ಊರಿನ ಹೆರಾಣ ಲೋಕಕ್ಕೆ ತೋರ್ಸಿದವು. ಮತ್ತೆ, ಗೂಡಿಪ್ಪ ಹುಳಿಮರದ ಯೆಜಮಾನಂಗೆ ಇಲಾಖೆಂದ ಪರಿಹಾರ ಕೊಡುವ ಕ್ರಮ ಬಂತು. ಪೈಸೆ ಎಷ್ಟಾದರೂ ಆಗಲಿ, ಈ ಹಕ್ಕಿಗಳ ಸಾಂಕುವ ಕರ್ಚು ಬೀಳುದು ಈ ಮನೆಗಳ ಮೇಲೆ ಹೇಳಿ ಸರಕಾರ ಒಪ್ಪಿದ ಹಾಂಗಾತನ್ನೆ, ಎನಗೆ ದೊಡ್ಡದಾಗಿ ಕಾಂಬದು ಅದು. 1990ರ ದಶಕಲ್ಲಿ ಊರಿನ ಜವ್ವನಿಗರು ಮೈಸೂರಿನ ಹಕ್ಕಿಪ್ರಿಯರ ಒಟ್ಟಿಂಗೆ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದವು. ಗೂಡಿಂದ ಬಿದ್ದ ಮರಿಗಳ ಹೆರ್ಕಿ, ಬಲೆ ಕಟ್ಟಿದ ಜಾಗೆಲಿ ಮಡುಗಿ, ಮೀನು ಹಾಕಿ ದೊಡ್ಡ ಮಾಡಿ ಹಾರ್ಲೆ ಬಿಟ್ಟವು.

ಹೀಂಗೆ ಕಾಯದ್ದರೆ ಎಂತಕ್ಕು? ಬರ್ಮದ ಸಿತ್ತಾಂಗ್ ಹೊಳೆಯ ಬಯಲಿಲಿ ಇದೇ ಜಾತಿಯ ಹೆಜ್ಜಾರ್ಲೆಗೊ ಲಕ್ಷಗಟ್ಲೆ ಗೂಡು ಕಟ್ಟಿದ್ದರ 1877ರಲ್ಲಿ ಯುಜೀನ್ ಓಟ್ಸ್ ಹೇಳ್ತ ಇಂಗ್ಲಿಷಿನವ° ಕಂಡು ಬರದು ಮಡುಗಿದ್ದ°. ಅರುವತ್ತು ವರ್ಷ ಕಳಿವಗ ಅಲ್ಲಿ ಒಂದು ಗೂಡೂ ಒಳುದ್ದಿಲ್ಲೆ. ಲಕ್ಷ ಇಪ್ಪದು ಸೊನ್ನೆ ಅಪ್ಪಲೆ ಒಂದು ಮನುಷ್ಯನ ಆಯುಷ್ಯ ಸಾಕು.

2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿ ಮಾಡುವಗ 'ಸಮುದಾಯ ಮೀಸಲು' ಹೇಳುವ ಹೊಸ ನಮುನೆಯ ಸೇರ್ಸಿದವು. ಜಾಗೆ ಊರಿನವರದ್ದೋ ಮನೆಯವರದ್ದೋ ಆಗಿಯೇ ಒಳಿತ್ತು. ಅವು ತಾವಾಗಿ ಮನಸ್ಸು ಮಾಡಿರೆ ಮಾಂತ್ರ ಅದು ಮೀಸಲು. 2007ರಲ್ಲಿ ಕೊಕ್ಕರೆ ಬೆಳ್ಳೂರಿಂಗೆ ಆ ಹೆಸರು ಸಿಕ್ಕಿತ್ತು. ಬೆಳ್ಳೂರಿನವು ಕಾನೂನು ಬಪ್ಪಂದ ಮದಲೇ ಮಾಡಿಗೊಂಡು ಇದ್ದದಕ್ಕೆ ಕಾನೂನು ಮತ್ತೆ ಬಂದು ಹೆಸರು ಮಡುಗಿತ್ತು.

ಹೆಸರು ಸಿಕ್ಕಿದಲ್ಲಿಗೆ ಕತೆ ಮುಗುದ್ದಿಲ್ಲೆ. ಹೊಸ ಮನೆ ಕಟ್ಟುಸೆಕ್ಕಾರೆ ಹಳೆ ಮರ ಅಡ್ಡ ಬತ್ತು. ಹೊಳೆ, ಕೆರೆಗಳಲ್ಲಿ ನೀರು ಹಾಳಾದರೆ ಹಕ್ಕಿಗೆ ಮೀನೂ ಹಾಳು. 2017ರ ಅಕೇರಿಂದ 2018ರ ವರೆಗೆ ಅಲ್ಲಿ ಹೆಜ್ಜಾರ್ಲೆಗೊ ಒಂದರ ಹಿಂದೆ ಒಂದು ಸತ್ತತ್ತು. ಹೊಟ್ಟೆಲಿ ಹುಳು ತುಂಬಿಗೊಂಡಿತ್ತು. ಆ ನಮುನೆ ಹುಳು ಮೀನಿನ ಮೂಲಕ ಬಪ್ಪದು. ಊರಿನವು ಎಷ್ಟೇ ಪ್ರೀತಿ ಮಾಡಿರೂ, ಹೆರಾಣವು ನೀರಿನ ನೋಡಿಗೊಳ್ಳದ್ದರೆ ಮಗಳ ಬಾಳಂತನ ಸುಸೂತ್ರ ಆಗ.

ಹಕ್ಕಿ ಹಬ್ಬ ಮಾಡುವವಕ್ಕೆ ಎನ್ನ ಕೋರಿಕೆ ಇಷ್ಟೇ: ವೇದಿಕೆಲಿ ಶಾಲು ಹೊದೆಶುವಗ ಸುರೂವಾಣ ಶಾಲು ಮರ ಇಪ್ಪ ಮನೆಯ ಯೆಜಮಾನ್ತಿಗೆ ಹೊದೆಶಿ. ಜಾಲು ಉಡುಗಿದ್ದು ಅದುವೇ ಅಲ್ಲದೋ? ಇನ್ನು ಮಕ್ಕಳ ಕರಕ್ಕೊಂಡು ಬೆಳ್ಳೂರಿಂಗೆ ಹೋಪವು ಜನವರಿಂದ ಏಪ್ರಿಲ್ ಒಳ ಹೋಗಿ, ಮರಿಗೊ ಕಾಣುಗು. ಮರದಡಿಲಿ ಬೊಬ್ಬೆ ಹಾಕೆಡಿ. ಆ ಮರ ಆರದ್ದು ಹೇಳಿ ಕೇಳಿ, ಅವರ ಜಾಲಿಲಿ ನಿಂದು ಎರಡು ಮಾತಾಡಿ. ಹಕ್ಕಿ ಕೂರದ್ದ ಮರದ ಹುಳಿ ಮಾರ್ಲೆ ಇದ್ದರೆ ಒಂದು ಕಿಲೋ ತೆಕ್ಕೊಂಡು ಬನ್ನಿ, ಕ್ರಯಕ್ಕೆ ಚರ್ಚೆ ಮಾಡೆಡಿ.